ದೂರದ ಕಲಾವಿದರ ಚಿತ್ರ, ನಿಮ್ಮ ಪ್ರೆಸ್‌ನಲ್ಲಿ ಲಿನೋಕಟ್: ಲೇಸರ್‌ನಿಂದ ಬ್ಲಾಕ್ ಕೊರೆಯುವ ಸಮಗ್ರ ಮಾರ್ಗದರ್ಶಿ

ಕಲಾವಿದರು ಧಾರವಾಡದಲ್ಲೋ ಲಂಡನ್‌ನಲ್ಲೋ ಇದ್ದಾರೆ. ಪ್ರೆಸ್ ಇರುವುದು ನಿಮ್ಮ ಹತ್ತಿರ, ಬೆಂಗಳೂರಿನಲ್ಲಿ. ಅವರು ಚಿತ್ರದ ಫೈಲ್ ಕಳಿಸುತ್ತಾರೆ, ನೀವು ಲೇಸರ್‌ನಲ್ಲಿ ಲಿನೋ ಬ್ಲಾಕ್ ಕೊರೆದು, ಪ್ರಿಂಟ್ ತೆಗೆದು ಕಳಿಸುತ್ತೀರಿ. ಲಿನೋಕಟ್ ಅಂದರೆ ಲಿನೋಲಿಯಂ ಶೀಟನ್ನು ಕೊರೆದು, ಕೊರೆಯದೆ ಉಳಿದ ಎತ್ತರದ ಭಾಗಕ್ಕೆ ಇಂಕ್ ಹಚ್ಚಿ ಕಾಗದಕ್ಕೆ ಒತ್ತುವ ಮುದ್ರಣ. ಕೇಳೋಕೆ ಸುಲಭ. ಆದರೆ ಕೈ ಹಾಕಿದವರಲ್ಲಿ ಬಹಳ ಜನ ಒಂದೇ ಥರ ಎಡವುತ್ತಾರೆ. ಬ್ಲಾಕ್ ಕೈಯಲ್ಲಿ ಹಿಡಿದು ನೋಡಿದರೆ ಚೆನ್ನಾಗೇ ಇರುತ್ತದೆ. ಇಂಕ್ ಹಚ್ಚಿ ಒತ್ತಿದ ಮೇಲೆ ನೋಡಿದರೆ ಸಣ್ಣ ಗೆರೆಗಳು ಮಾಯ, ಬಿಳಿ ಇರಬೇಕಾದ ಕಡೆ ಬಾಚಣಿಗೆ ಎಳೆದ ಹಾಗೆ ಗೀರು, ಕೆಲವೊಮ್ಮೆ ಇಡೀ ಚಿತ್ರವೇ ಎಡಬಲ ತಿರುಗಿರುತ್ತದೆ.

ಇದರಲ್ಲಿ ಗೆರೆಗಳ ತೊಂದರೆಗೆ ಒಂದು ಮೂಲ ಕಾರಣ ಇದೆ. ಲೇಸರ್ ಗೆರೆಯನ್ನು ಸಣ್ಣ ಮಾಡುತ್ತದೆ, ಇಂಕ್ ಮತ್ತು ಪ್ರೆಸ್ ಅದೇ ಗೆರೆಯನ್ನು ದಪ್ಪ ಮಾಡುತ್ತವೆ. ಇವೆರಡೂ ಸೇರಿ ಕಾಗದದ ಮೇಲೆ ಏನಾಗುತ್ತದೆ ಅಂತ ನೋಡದೆ ನೇರ ದೊಡ್ಡ ಬ್ಲಾಕ್‌ಗೆ ಹೋದರೆ ಲಿನೋನೂ ಹಾಳು, ಮಷಿನ್ ಬಾಡಿಗೆಯೂ ಹಾಳು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಏನಾಗುತ್ತದೆ ಅನ್ನೋದನ್ನೂ ಅಲ್ಲಲ್ಲೇ ಹೇಳಿದ್ದೇನೆ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

3.2 ಮಿ.ಮೀ. ದಪ್ಪದ, ಹಿಂದೆ ಸೆಣಬಿನ ಬಟ್ಟೆ ಇರುವ ಕಲಾವಿದರ ಲಿನೋ. 40ರಿಂದ 100 ವ್ಯಾಟ್‌ನ ಸಿಒ2 ಲೇಸರ್. ಇದನ್ನು ಕೊಂಡುಕೊಳ್ಳಲೇಬೇಕು ಅಂತಿಲ್ಲ. ನೇಮ್ ಬೋರ್ಡ್, ಅಕ್ರಿಲಿಕ್ ಕಟಿಂಗ್ ಮಾಡುವ ಅಂಗಡಿಗಳಲ್ಲಿ ಜಾಬ್ ವರ್ಕ್‌ಗೆ ಸಿಗುತ್ತದೆ, ಅಲ್ಲಿ ಹೆಚ್ಚಾಗಿ ಇರುವುದು 1300 × 900 ಮಿ.ಮೀ. ಬೆಡ್‌ನ ಮಷಿನ್. ಡಯೋಡ್ ಲೇಸರ್‌ನಲ್ಲೂ ಆಗುತ್ತದೆ, ಆದರೆ ತುಂಬಾ ನಿಧಾನ. ದೊಡ್ಡ ಬ್ಲಾಕ್‌ಗೆ ನಾನು ಅದನ್ನು ಹೇಳುವುದಿಲ್ಲ.

ಮಷಿನ್‌ಗೆ ಗಾಳಿ ಊದುವ ಪಂಪು, ಹೊಗೆ ಹೊರಗೆ ಹಾಕುವ ಫ್ಯಾನು, ಪಕ್ಕದಲ್ಲೇ ಬೆಂಕಿ ಆರಿಸುವ ಸಿಲಿಂಡರ್ ಇರಲೇಬೇಕು. ಉಳಿದದ್ದು: 400 ನಂಬರ್ ವಾಟರ್ ಪೇಪರ್ (ನುಣುಪಾದ ಉಜ್ಜುಕಾಗದ), ಮೆತ್ತನೆ ಹಲ್ಲುಜ್ಜುವ ಬ್ರಷ್, ಪಾತ್ರೆ ತೊಳೆಯುವ ಲಿಕ್ವಿಡ್, ಯು ಮತ್ತು ವಿ ಆಕಾರದ ಉಳಿಗಳು, ಗಟ್ಟಿ ರಬ್ಬರಿನ ರೋಲರ್, ಇಂಕ್ ಹರಡಲು ಗಾಜು, ಎಣ್ಣೆ ಆಧಾರಿತ ಇಂಕ್, ಕಾಗದ. ಪ್ರೆಸ್ ಇಲ್ಲದಿದ್ದರೆ ಮರದ ಸೌಟಿನ ಹಿಂಭಾಗವೂ ನಡೆಯುತ್ತದೆ.

ಹಂತ 1: ನಿಮ್ಮ ಲಿನೋ ನಿಜವಾಗಿ ಲಿನೋನಾ?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನಮ್ಮಲ್ಲಿ ನೆಲಕ್ಕೆ ಹಾಸುವ ಶೀಟ್‌ಗೆ ‘ಲಿನೋಲಿಯಂ’ ಅಂತ ಕರೆಯುವುದು ರೂಢಿ, ಆದರೆ ಅಂಗಡಿಯಲ್ಲಿ ಸಿಗುವ ಆ ಶೀಟ್ ಹೆಚ್ಚು ಕಡಿಮೆ ಯಾವಾಗಲೂ ಪಿವಿಸಿ ಪ್ಲಾಸ್ಟಿಕ್. ಪಿವಿಸಿ ಮೇಲೆ ಲೇಸರ್ ಬಿದ್ದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ಶ್ವಾಸಕೋಶ ಸುಡುತ್ತದೆ, ಮಷಿನ್‌ನ ಲೆನ್ಸು ಹಾಳು ಮಾಡುತ್ತದೆ, ಲೇಸರ್ ತಲೆ ಓಡುವ ಹಳಿಗಳಿಗೆಲ್ಲ ತುಕ್ಕು ಹಿಡಿಸುತ್ತದೆ.

ನಿಜವಾದ ಲಿನೋಲಿಯಂ ಅಂದರೆ ಅಗಸೆ ಎಣ್ಣೆ, ಬೆಂಡಿನ (ಕಾರ್ಕ್) ಪುಡಿ, ಮರದ ಪುಡಿ, ಸುಣ್ಣಕಲ್ಲಿನ ಪುಡಿ ಎಲ್ಲ ಕಲಸಿ ಸೆಣಬಿನ ಬಟ್ಟೆ ಮೇಲೆ ಒತ್ತಿದ್ದು. ಮೂಸಿದರೆ ಎಣ್ಣೆ ಬಣ್ಣದ ವಾಸನೆ ಬರುತ್ತದೆ. ಅಂಚು ಮುರಿದರೆ ಪುಡಿಪುಡಿಯಾಗುತ್ತದೆ, ರಬ್ಬರಿನ ಹಾಗೆ ಎಳೆಯುವುದಿಲ್ಲ.

ಅನುಮಾನ ಇದ್ದರೆ ತಾಮ್ರದ ತಂತಿ ಪರೀಕ್ಷೆ ಮಾಡಿ, ಮನೆ ಹೊರಗೆ, ಗಾಳಿ ಆಡುವ ಕಡೆ. ತಂತಿಯ ತುದಿಯನ್ನು ಗ್ಯಾಸ್ ಉರಿಯಲ್ಲಿ ಬಣ್ಣ ಬರುವುದು ನಿಲ್ಲುವವರೆಗೆ ಕಾಯಿಸಿ, ಬಿಸಿ ಇರುವಾಗಲೇ ಶೀಟ್‌ಗೆ ತಾಗಿಸಿ, ಅಂಟಿದ ಚೂರಿನ ಸಮೇತ ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ, ಆ ಶೀಟ್ ಲೇಸರ್ ಹತ್ತಿರ ಬರಕೂಡದು. ‘ಸಾಫ್ಟ್ ಕಟ್’ ಅಂತ ಮಾರುವ ಮೆತ್ತನೆ ಶೀಟ್‌ಗಳಿಗೂ ಇದೇ ಪರೀಕ್ಷೆ. ಅವುಗಳಲ್ಲಿ ಎಷ್ಟೋ ವಿನೈಲ್, ಅಂದರೆ ಪಿವಿಸಿಯೇ ಇರುತ್ತವೆ.

ಹಂತ 2: ಫೈಲ್ ಬರುವ ಮೊದಲೇ ಕಲಾವಿದರಿಗೆ ಹೇಳಿಬಿಡಬೇಕಾದ್ದು

ದೂರದ ಕೆಲಸದಲ್ಲಿ ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ. ಕಲಾವಿದರು ಒಳ್ಳೆಯ ಮನಸ್ಸಿನಿಂದ ‘ಪ್ರಿಂಟ್ ಉಲ್ಟಾ ಬರುತ್ತದಲ್ವಾ’ ಅಂತ ತಾವೇ ಚಿತ್ರ ತಿರುಗಿಸಿ ಕಳಿಸುತ್ತಾರೆ. ನೀವೂ ತಿರುಗಿಸುತ್ತೀರಿ. ಎರಡು ಸಲ ತಿರುಗಿದ ಚಿತ್ರ ಬ್ಲಾಕ್ ಮೇಲೆ ನೇರ, ಕಾಗದದ ಮೇಲೆ ಉಲ್ಟಾ. ಆದ್ದರಿಂದ ಮೊದಲ ಮಾತೇ ಇದಾಗಿರಲಿ: ಪ್ರಿಂಟ್ ಹೇಗೆ ಕಾಣಬೇಕೋ ಹಾಗೇ ಕಳಿಸಿ, ತಿರುಗಿಸುವ ಕೆಲಸ ನಮ್ಮದು. ಜೊತೆಗೆ ಚಿತ್ರದ ಚೌಕಟ್ಟಿನ ಹೊರಗೆ, ಕೆಳಗಿನ ಮೂಲೆಯಲ್ಲಿ ‘7’ ಅಂತ ಬರೆಯಲು ಹೇಳಿ. ಅದು ಚೌಕಟ್ಟಿನಿಂದ ಒಂದೂವರೆ ಸೆಂಟಿಮೀಟರ್ ಆದರೂ ದೂರ ಇರಲಿ. ಕೊನೆವರೆಗೂ ಆ 7 ನಿಮಗೆ ದಿಕ್ಕು ತೋರಿಸುತ್ತದೆ.

ಉಳಿದ ಷರತ್ತುಗಳು: ಕಾಗದದ ಮೇಲೆ ಬರೆದ ಚಿತ್ರವಾದರೆ ಕಪ್ಪು ಇಂಕಿನಲ್ಲಿ, ನಿಜವಾದ ಅಳತೆಯಲ್ಲಿ ಬರೆದು, ಸ್ಕ್ಯಾನರ್‌ನಲ್ಲಿ 600 ಡಿಪಿಐ (ಇಂಚಿಗೆ 600 ಚುಕ್ಕಿ) ಗ್ರೇಸ್ಕೇಲ್‌ನಲ್ಲಿ, ಅಂದರೆ ಬಣ್ಣವಿಲ್ಲದ ಬೂದು ಛಾಯೆಗಳಲ್ಲಿ ಸ್ಕ್ಯಾನ್ ಮಾಡಿಸಲಿ. ಫೋನಿನಲ್ಲಿ ತೆಗೆದ ಫೋಟೋ ಬೇಡ. ಲೆನ್ಸಿನಿಂದ ಅಂಚು ಬಾಗುತ್ತದೆ, ಬೆಳಕು ಒಂದು ಕಡೆ ಜಾಸ್ತಿ ಒಂದು ಕಡೆ ಕಡಿಮೆ. ಫೈಲ್ ಟಿಫ್ ಅಥವಾ ಪಿಎನ್‌ಜಿ ಇರಲಿ, ಜೆಪೆಗ್ ಬೇಡ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲಿ, ಇಲ್ಲದಿದ್ದರೆ ಆ್ಯಪ್ ಚಿತ್ರವನ್ನು ಕುಗ್ಗಿಸಿ ಗೆರೆಗಳ ಅಂಚನ್ನೆಲ್ಲ ಕದಡಿಬಿಡುತ್ತದೆ. ಬೂದು ಛಾಯೆ ಬೇಕಿದ್ದರೆ ಕಲಾವಿದರೇ ಗೆರೆಗಳಿಂದ, ಚುಕ್ಕಿಗಳಿಂದ ಅದನ್ನು ಕಟ್ಟಬೇಕು. ಲಿನೋ ಬ್ಲಾಕ್‌ಗೆ ಗೊತ್ತಿರುವುದು ಎರಡೇ: ಇಂಕ್ ಇದೆ, ಇಂಕ್ ಇಲ್ಲ.

ಅತಿ ಸಣ್ಣ ಕಪ್ಪು ಗೆರೆ 0.4 ಮಿ.ಮೀ., ಅತಿ ಸಣ್ಣ ಬಿಳಿ ಸಂದು 0.3 ಮಿ.ಮೀ. ಅಂತ ಶುರುವಿಗೆ ಹೇಳಿ. ನಿಮ್ಮ ಮಷಿನ್‌ನ ನಿಜವಾದ ಮಿತಿ ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 3: ಫೈಲ್ ತಯಾರಿ, ಇದೇ ಕ್ರಮದಲ್ಲಿ

ಮೊದಲು ಅಳತೆ. ಚಿತ್ರವನ್ನು ಪ್ರಿಂಟ್‌ನ ನಿಜ ಅಳತೆಗೆ ತನ್ನಿ, ರೆಸಲ್ಯೂಷನ್ ಅನ್ನು ಲೇಸರ್ ಗೆರೆಗಳ ಅಂತರಕ್ಕೆ ಹೊಂದಿಸಿ. ಅಂತರ 0.1 ಮಿ.ಮೀ. ಅಂದರೆ ಇಂಚಿಗೆ 254 ಗೆರೆ, 0.075 ಅಂದರೆ ಸುಮಾರು 339. ಇದಕ್ಕಿಂತ ಸಣ್ಣ ಮಾಡಿದರೆ ಚಿತ್ರ ಸೂಕ್ಷ್ಮವಾಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕಿರಣದ ಅಗಲವೇ 0.1ರಿಂದ 0.15 ಮಿ.ಮೀ. ಇರುವಾಗ ಗೆರೆಗಳು ಒಂದರ ಮೇಲೊಂದು ಬಿದ್ದು ಲಿನೋ ಕರಕಲಾಗುತ್ತದೆ, ಅಷ್ಟೇ.

ಆಮೇಲೆ ಥ್ರೆಶೋಲ್ಡ್, ಅಂದರೆ ಬೂದು ಪಿಕ್ಸೆಲ್‌ಗಳನ್ನೆಲ್ಲ ಕಪ್ಪು ಅಥವಾ ಬಿಳಿ ಮಾಡುವುದು. ಇದನ್ನು ಅಳತೆ ಬದಲಿಸಿದ ನಂತರವೇ ಮಾಡಬೇಕು. ಮೊದಲು ಥ್ರೆಶೋಲ್ಡ್ ಮಾಡಿ ಆಮೇಲೆ ಅಳತೆ ಬದಲಿಸಿದರೆ ಅಂಚುಗಳಲ್ಲಿ ಬೂದು ಮತ್ತೆ ಬರುತ್ತದೆ. ಲೇಸರ್ ಸಾಫ್ಟ್‌ವೇರ್ ಆ ಬೂದನ್ನು ಚುಕ್ಕಿಗಳಾಗಿ ಒಡೆದು ಕೊರೆಯುತ್ತದೆ. ಬ್ಲಾಕ್ ಮೇಲೆ ಗೆರೆ ಪಕ್ಕದಲ್ಲೆಲ್ಲ ಸಾಸಿವೆಗಿಂತ ಸಣ್ಣ ಗುಳಿ ಕಂಡರೆ ಇದೇ ಕಾರಣ.

ಚಿತ್ರವನ್ನು ವೆಕ್ಟರ್ ಮಾಡಿಬಿಡೋಣ, ಅಂದರೆ ಪಿಕ್ಸೆಲ್‌ಗಳ ಬದಲು ಗೆರೆಗಳ ಲೆಕ್ಕವಾಗಿ ಬದಲಿಸೋಣ ಅನ್ನಿಸುತ್ತದೆ. ಕೈಯಿಂದ ಬರೆದ ಗೆರೆಗೆ ಅದನ್ನು ಮಾಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ತಾನಾಗೇ ವೆಕ್ಟರ್ ಮಾಡುವ ಸಾಫ್ಟ್‌ವೇರ್ ಚೂಪು ಮೂಲೆಗಳನ್ನು ಗುಂಡಗೆ ಮಾಡುತ್ತದೆ, ಕುಂಚದ ಒರಟು ಅಂಚನ್ನು ನಯ ಮಾಡುತ್ತದೆ. ಕಲಾವಿದರ ಕೈ ಇರುವುದೇ ಅಲ್ಲಿ. ಅದನ್ನು ಅಳಿಸುವ ಹಕ್ಕು ನಮಗಿಲ್ಲ.

ಧೂಳಿನ ಚುಕ್ಕಿಗಳನ್ನು ತೆಗೆಯಿರಿ, ಆದರೆ ಯಾವುದು ಧೂಳು ಯಾವುದು ಚಿತ್ರ ಅಂತ ನೀವೇ ತೀರ್ಮಾನಿಸಬೇಡಿ. ಈಗಿನ ಕಪ್ಪು-ಬಿಳುಪು ಫೈಲನ್ನು ಕಲಾವಿದರಿಗೆ ವಾಪಸ್ ಕಳಿಸಿ, ಅವರು ಒಪ್ಪಿದ ಮೇಲೆ ಹೆಸರು ಬದಲಿಸಿ ಬೀಗ ಹಾಕಿಡಿ. ಇದು ಅವರ ಮೊದಲನೇ ಒಪ್ಪಿಗೆ.

ಕೊನೆಗೆ ಎಡಬಲ ತಿರುಗಿಸಿ, ಕಪ್ಪನ್ನು ಬಿಳಿ ಮಾಡಿ ಬಿಳಿಯನ್ನು ಕಪ್ಪು ಮಾಡಿ. ಸಾಮಾನ್ಯವಾಗಿ ಸಾಫ್ಟ್‌ವೇರ್ ಕಪ್ಪನ್ನು ಕೊರೆಯುತ್ತದೆ, ನಮಗೆ ಕೊರೆಯಬೇಕಾದ್ದು ಬಿಳಿ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ರಬ್ಬರ್ ಸ್ಟಾಂಪ್ ಮೋಡ್ ಅಂತ ಇರುತ್ತದೆ, ಅದು ಇವೆರಡನ್ನೂ ತಾನೇ ಮಾಡಿಬಿಡಬಹುದು. ಅದನ್ನು ಬಳಸುವಿರಾದರೆ ನೀವು ಮಾಡಬೇಡಿ. ನೀವೇ ತಿರುಗಿಸಿದ ಫೈಲ್‌ನಲ್ಲಿ 7 ಉಲ್ಟಾ ಕಾಣಬೇಕು, ಅದರ ಸುತ್ತಲ ಜಾಗ ಕಪ್ಪಾಗಿರಬೇಕು. ಎರಡೂ ಸರಿ ಇದ್ದರೆ ಮಾತ್ರ ಮುಂದೆ.

ಹಂತ 4: ಪರೀಕ್ಷೆ ಪಟ್ಟಿ ಕೊರೆದು, ಇಂಕ್ ಹಚ್ಚಿ ನೋಡಿ

ಅಂಗೈ ಅಗಲದ ಲಿನೋ ಚೂರು ಸಾಕು. ಅದರಲ್ಲಿ 0.2, 0.3, 0.4, 0.5, 0.7, 1 ಮಿ.ಮೀ. ಅಗಲದ ಕಪ್ಪು ಗೆರೆಗಳು, ಅದೇ ಅಗಲದ ಬಿಳಿ ಗೆರೆಗಳು, ಕೆಲವು ಒಂಟಿ ಚುಕ್ಕಿಗಳು, 5, 10, 20, 40 ಮಿ.ಮೀ. ಅಗಲದ ಖಾಲಿ ಚೌಕಗಳು ಇರಲಿ. ಇದನ್ನೇ ಮೂರು ಬೇರೆ ಆಳಕ್ಕೆ ಕೊರೆಯಿರಿ. 60 ವ್ಯಾಟ್ ಮಷಿನ್‌ಗೆ ಸೆಕೆಂಡಿಗೆ 300 ಮಿ.ಮೀ. ವೇಗ, 50 ಶೇಕಡಾ ಪವರ್ ಅಂತ ಶುರು ಮಾಡಬಹುದು. ಇದು ಶುರುವಿಗೆ ಮಾತ್ರ. ಲೇಸರ್ ಹುಟ್ಟಿಸುವ ಟ್ಯೂಬ್ ಹಳೆಯದಾದ ಹಾಗೆ ಅದೇ ಅಂಕಿಗೆ ಆಳ ಕಡಿಮೆಯಾಗುತ್ತದೆ, ಹಾಗಾಗಿ ಬೇರೆಯವರ ಅಂಕಿ ನಂಬಬೇಡಿ.

ಕೊರೆದ ಪಟ್ಟಿಯನ್ನು ಕಣ್ಣಲ್ಲಿ ನೋಡಿ ಸುಮ್ನೆ ಎತ್ತಿಡುವುದೇ ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಅದನ್ನು ತೊಳೆದು, ನೀವು ಕೊನೆಗೆ ಬಳಸುವ ಇಂಕು, ಅದೇ ಕಾಗದ, ಅದೇ ಪ್ರೆಸ್‌ನಲ್ಲಿ ಪ್ರಿಂಟ್ ತೆಗೆಯಿರಿ. ಆಗ ಮೂರು ವಿಷಯ ಗೊತ್ತಾಗುತ್ತವೆ. ಯಾವ ಕಪ್ಪು ಗೆರೆ ತುಂಡಾಗದೆ ನಿಂತಿತು. ಯಾವ ಬಿಳಿ ಸಂದು ಇಂಕಿನಿಂದ ಮುಚ್ಚದೆ ಉಳಿಯಿತು. ಖಾಲಿ ಚೌಕ ಎಷ್ಟು ಅಗಲವಾದಾಗ ರೋಲರ್ ತಳಕ್ಕೆ ತಾಗಿತು.

0.3 ಗೆರೆ 0.2 ಆಗಿ ಬಂದಿದ್ದರೆ ಕಲಾವಿದರ ಫೈಲ್‌ನಲ್ಲಿ ಕಪ್ಪನ್ನು ಒಂದು ಪಿಕ್ಸೆಲ್ ದಪ್ಪ ಮಾಡಬಹುದು. ಅದಕ್ಕಿಂತ ಜಾಸ್ತಿ ಬೇಕಾದರೆ ನೀವು ಮಾಡಬೇಡಿ. ಪಟ್ಟಿಯ ಸ್ಕ್ಯಾನ್ ಕಳಿಸಿ, ಅವರೇ ಗೆರೆಗಳನ್ನು ಮತ್ತೆ ಬರೆಯಲಿ.

ಹಂತ 5: ಬ್ಲಾಕ್ ಕೊರೆಯುವುದು

ಕೊರೆಯುವ ಮೊದಲು ಲಿನೋ ಮೇಲ್ಮೈಯನ್ನು 400 ನಂಬರ್ ವಾಟರ್ ಪೇಪರ್‌ನಿಂದ ಹಗುರವಾಗಿ ಉಜ್ಜಿ, ಒರೆಸಿ. ಮೇಲಿನ ಮೇಣದ ಹೊಳಪು ಹೋದರೆ ಇಂಕ್ ಸಮನಾಗಿ ಕೂರುತ್ತದೆ. ಇದನ್ನು ಕೊರೆದ ಮೇಲೆ ಮಾಡಲು ಹೋದರೆ ಸಣ್ಣ ಗೆರೆಗಳ ಅಂಚು ಸವೆಯುತ್ತದೆ.

ಲಿನೋ ಚಪ್ಪಟೆಯಾಗಿ ಕೂರಬೇಕು. ರೋಲ್‌ನಿಂದ ಕತ್ತರಿಸಿದ ಲಿನೋ ಸುರುಳಿ ಬಿಡುವುದಿಲ್ಲ, ಮಳೆಗಾಲದಲ್ಲಂತೂ ಸೆಣಬು ತೇವ ಹೀರಿ ಇನ್ನೂ ಬಾಗುತ್ತದೆ. ಸಾಮಾನ್ಯ 2 ಇಂಚಿನ ಲೆನ್ಸಿನಲ್ಲಿ ಬ್ಲಾಕ್ ಒಂದೆರಡು ಮಿ.ಮೀ. ಎದ್ದರೂ ಫೋಕಸ್ ತಪ್ಪುತ್ತದೆ. ಹಿಂದಿನ ರಾತ್ರಿ ಭಾರ ಹೇರಿಡಿ, ಅಥವಾ ಎಂಡಿಎಫ್ ಹಲಗೆಗೆ ಅಂಟಿಸಿಬಿಡಿ. ನಾಲ್ಕು ಮೂಲೆ ಮತ್ತು ನಡುವೆ, ಐದು ಕಡೆ ಫೋಕಸ್ ಅಳೆಯಿರಿ.

ಆಳ ಎಷ್ಟು? ಸಣ್ಣ ಗೆರೆಗಳ ನಡುವೆ 0.5ರಿಂದ 0.7 ಮಿ.ಮೀ. ಸಾಕು. ಅಗಲವಾದ ಖಾಲಿ ಜಾಗಕ್ಕೆ 1.5 ಮಿ.ಮೀ.ವರೆಗೆ ಹೋಗಬಹುದು. ಸೆಣಬು ಕಾಣಿಸಿತೋ, ಆಳ ಮೀರಿದಿರಿ. ಅದರ ಎಳೆಗಳು ಎದ್ದು ಇಂಕ್ ಹಿಡಿಯುತ್ತವೆ. ಸಾಫ್ಟ್‌ವೇರ್‌ನಲ್ಲಿ ರ‍್ಯಾಂಪ್ ಅನ್ನುವ ಆಯ್ಕೆ ಇದ್ದರೆ ಹಾಕಿ, ಗೆರೆಯ ಬುಡ ಅಗಲವಾಗಿ ಇಳಿಜಾರಾಗುತ್ತದೆ, ಒತ್ತಡಕ್ಕೆ ಮುರಿಯುವುದಿಲ್ಲ.

ಒಂದೇ ಸಲಕ್ಕೆ ನಿಧಾನವಾಗಿ ಆಳ ಕೊರೆಯುವುದಕ್ಕಿಂತ ವೇಗವಾಗಿ ಎರಡು ಮೂರು ಸಲ ಕೊರೆಯುವುದು ಯಾವಾಗಲೂ ಒಳ್ಳೆಯದು. ಲಿನೋದಲ್ಲಿ ಎಣ್ಣೆ ಇದೆ, ಶಾಖ ಒಂದೇ ಕಡೆ ನಿಂತರೆ ಕರಕಲಾಗಿ ಗೆರೆಯ ಅಂಚು ಉದುರುತ್ತದೆ. ಸಮಯದ ಲೆಕ್ಕ ಹೀಗೆ: ಎ4 ಅಳತೆ, 0.1 ಮಿ.ಮೀ. ಅಂತರ, ಉದ್ದ ಬದಿಯಲ್ಲಿ ಓಡಿಸಿದರೆ 2100 ಗೆರೆ, ಸೆಕೆಂಡಿಗೆ 300 ಮಿ.ಮೀ. ವೇಗದಲ್ಲಿ ಒಂದೊಂದಕ್ಕೆ ಸುಮಾರು ಒಂದು ಸೆಕೆಂಡ್, ಅಂದರೆ ಒಂದು ಸುತ್ತಿಗೆ 35 ನಿಮಿಷ, ಜೊತೆಗೆ ತಿರುಗುವ ಸಮಯ. ಮೂರು ಸುತ್ತಿಗೆ ಎರಡು ಗಂಟೆ ಹಿಡಿದುಕೊಳ್ಳಿ. ಸುತ್ತುಗಳ ನಡುವೆ ಬ್ಲಾಕ್ ಅನ್ನು ಮುಟ್ಟಿ ಅಲ್ಲಾಡಿಸಬೇಡಿ, ಮೇಲಿನ ಮಸಿಯನ್ನು ವ್ಯಾಕ್ಯೂಮ್‌ನಿಂದ ಎಳೆದರೆ ಸಾಕು.

ಮಷಿನ್ ಬಿಟ್ಟು ಕಾಫಿಗೆ ಹೋಗಬೇಡಿ. ಲಿನೋ ಹೊತ್ತಿ ಉರಿಯದೆ ಒಳಗೊಳಗೇ ಕೆಂಡವಾಗಬಲ್ಲದು. ಕಿರಣ ಮುಂದೆ ಹೋದ ಮೇಲೂ ಒಂದೇ ಜಾಗದಿಂದ ಹೊಗೆ ಏಳುತ್ತಿದ್ದರೆ ತಕ್ಷಣ ನಿಲ್ಲಿಸಿ.

ನಿಲ್ಲುವ ಗೆರೆಗಳ ಅಂಚು ಗರಗಸದ ಹಲ್ಲಿನಂತೆ ಒಂದು ಬಿಟ್ಟು ಒಂದು ಸರಿದಿದ್ದರೆ ಮಷಿನ್ ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ ಕೊರೆಯುತ್ತಿದೆ. ಸಾಫ್ಟ್‌ವೇರ್‌ನಲ್ಲಿ ಸ್ಕ್ಯಾನಿಂಗ್ ಆಫ್‌ಸೆಟ್ ಸರಿ ಮಾಡಿ, ಇಲ್ಲವೇ ಒಂದೇ ದಿಕ್ಕಿನಲ್ಲಿ ಕೊರೆಸಿ.

ಹಂತ 6: ತೊಳೆಯುವುದು ಮತ್ತು ಕೈ ಕೆಲಸ

ಕೊರೆದ ಮಸಿ ಅಂಟಂಟಾಗಿರುತ್ತದೆ. ಹಾಗೇ ಇಂಕ್ ಹಚ್ಚಿದರೆ ಮೊದಲ ಪ್ರಿಂಟ್‌ಗಳಲ್ಲಿ ಗೆರೆ ಸುತ್ತ ಕಂದು ಕಲೆ ಬರುತ್ತದೆ. ಒಣ ಬ್ರಷ್‌ನಿಂದ ಮೊದಲು ಉದುರಿಸಿ. ನಂತರ ಲಿಕ್ವಿಡ್ ಬೆರೆಸಿದ ಉಗುರುಬೆಚ್ಚನೆ ನೀರಿನಲ್ಲಿ ಅದ್ದಿದ ಬ್ರಷ್‌ನಿಂದ ತಿಕ್ಕಿ, ಬಟ್ಟೆಯಿಂದ ಎತ್ತಿ. ಬ್ಲಾಕ್ ಅನ್ನು ನಲ್ಲಿ ಕೆಳಗೆ ಹಿಡಿಯಬೇಡಿ, ಬಕೆಟ್‌ನಲ್ಲಿ ನೆನೆಹಾಕಬೇಡಿ. ಸೆಣಬು ನೀರು ಕುಡಿದರೆ ಬ್ಲಾಕ್ ಬಾಗುತ್ತದೆ, ಅಳತೆಯೂ ಬದಲಾಗುತ್ತದೆ. ಎರಡು ಬಣ್ಣದ ಪ್ರಿಂಟ್ ಆದರೆ ಆಮೇಲೆ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದೇ ಇಲ್ಲ. ಬಿಳಿ ಬಟ್ಟೆಗೆ ಕಂದು ಹತ್ತುವುದು ನಿಂತ ಮೇಲೆ, ಭಾರದ ಕೆಳಗೆ ಒಣಗಿಸಿ.

ಈಗ ಪರೀಕ್ಷೆ ಪಟ್ಟಿ ತೆಗೆದು ನೋಡಿ. ರೋಲರ್ ತಳಕ್ಕೆ ತಾಗಿದ್ದು 20 ಮಿ.ಮೀ. ಚೌಕದಿಂದ ಅಂದರೆ, ಬ್ಲಾಕ್‌ನಲ್ಲಿ ಅಷ್ಟು ಅಗಲದ ಖಾಲಿ ಜಾಗಗಳ ನಡುಭಾಗವನ್ನು ಯು ಉಳಿಯಿಂದ ಕೈಯಲ್ಲೇ ಇನ್ನಷ್ಟು ತೆಗೆಯಿರಿ, ಅಂಚಿನಿಂದ 3 ಮಿ.ಮೀ. ದೂರ ನಿಂತು. ಲೇಸರ್ ತಳದ ಸಾಲು ಗೀರುಗಳು ಪ್ರಿಂಟ್‌ಗೆ ಬಂದರೆ ನೋಡೋಕೆ ಚೆನ್ನಾಗಿರುವುದಿಲ್ಲ. ಇನ್ನೊಂದು ಉಪಾಯವೂ ಇದೆ: ಅದೇ ಫೈಲ್‌ನಿಂದ ತೆಳು ಕಾರ್ಡಿನಲ್ಲಿ ಮುಸುಕು ಕತ್ತರಿಸಿಕೊಂಡು, ಇಂಕ್ ಹಚ್ಚಿದ ಮೇಲೆ ಬ್ಲಾಕ್ ಮೇಲಿಟ್ಟು ಪ್ರಿಂಟ್ ತೆಗೆಯುವುದು. ಖಾಲಿ ಜಾಗ ಪೂರ್ತಿ ಮುಚ್ಚಿಹೋಗುತ್ತದೆ. ಕೆಲಸ ಮುಗಿದ ಮೇಲೆ ಮೂಲೆಯ 7 ಇರುವ ಪಟ್ಟಿಯನ್ನು ಕತ್ತರಿಸಿ ತೆಗೆಯಬಹುದು, ಆದರೆ ಮೊದಲ ಪ್ರೂಫ್, ಅಂದರೆ ಪರೀಕ್ಷೆಯ ಪ್ರಿಂಟ್ ಆಗುವವರೆಗೆ ಬೇಡ.

ಹಂತ 7: ಇಂಕ್, ಒತ್ತಡ, ಪ್ರೂಫ್

ಇಂಕ್ ತೆಳುವಾಗಿ ಹರಡಿ. ಗಾಜಿನ ಮೇಲೆ ರೋಲರ್ ಓಡಿಸಿದಾಗ ಸಣ್ಣಗೆ ‘ಸ್‌ಸ್’ ಅನ್ನಬೇಕು. ಪಚಪಚ ಅಂದರೆ ಇಂಕ್ ಜಾಸ್ತಿ. ಕೈಯಿಂದ ಕೊರೆದ ಬ್ಲಾಕ್ ಸ್ವಲ್ಪ ಜಾಸ್ತಿ ಇಂಕನ್ನು ತಡೆದುಕೊಳ್ಳುತ್ತದೆ, ಲೇಸರ್ ಬ್ಲಾಕ್‌ನ ಸಣ್ಣ ಸಂದುಗಳು ತಡೆಯುವುದಿಲ್ಲ. ಒಂದೇ ಸಲ ದಪ್ಪ ಹಚ್ಚುವ ಬದಲು ತೆಳುವಾಗಿ ಮೂರ್ನಾಲ್ಕು ಸಲ ಹಚ್ಚಿ.

ಎಚಿಂಗ್ ಪ್ರೆಸ್ ಆದರೆ ಬ್ಲಾಕ್‌ನ ಎರಡೂ ಬದಿಗೆ ಅದೇ ಎತ್ತರದ ಪಟ್ಟಿಗಳನ್ನು ಇಡಿ, ಇಲ್ಲದಿದ್ದರೆ ಪ್ರೆಸ್‌ನ ರೋಲರ್ ಬ್ಲಾಕ್ ಮೇಲೆ ಹತ್ತುವಾಗ ಅದನ್ನು ತಳ್ಳುತ್ತದೆ. ಒತ್ತಡ ಕಡಿಮೆಯಿಂದ ಶುರು ಮಾಡಿ. ಕಾಗದ ಖಾಲಿ ಜಾಗದೊಳಗೆ ಇಳಿದು ಉಬ್ಬಿದ್ದರೆ ಒತ್ತಡ ಮೀರಿದೆ. ಸೌಟಿನಿಂದ ಉಜ್ಜುವವರು ತೆಳು, ನಯವಾದ ಕಾಗದ ಹಿಡಿಯಿರಿ. ದಪ್ಪ ಕಾಟನ್ ಕಾಗದಕ್ಕೆ ಪ್ರೆಸ್ಸೇ ಬೇಕು.

ಮೊದಲ ಪ್ರಿಂಟ್‌ನಲ್ಲಿ 7 ಸರಿಯಾಗಿ ಓದಲು ಬಂತಾ ನೋಡಿ. ಇಂಕ್ ಸಮ ಆಗುವವರೆಗೆ ಕೆಲವು ಪ್ರಿಂಟ್ ತೆಗೆದು, ಒಳ್ಳೆಯದನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಕಳಿಸಿ. ಸಾಧ್ಯವಾದರೆ ಒಂದು ನಿಜವಾದ ಪ್ರೂಫ್ ಅನ್ನೇ ಕೊರಿಯರ್ ಮಾಡಿ. ಕಪ್ಪಿನ ಆಳ, ಕಾಗದದ ಬಣ್ಣ ಎರಡೂ ಪರದೆ ಮೇಲೆ ಗೊತ್ತಾಗುವುದಿಲ್ಲ. ಅವರು ‘ಸರಿ, ಹೀಗೇ ಇರಲಿ’ ಅಂತ ಸಹಿ ಮಾಡಿ ವಾಪಸ್ ಕಳಿಸಿದ ಆ ಪ್ರೂಫೇ ಮುಂದಿನ ಎಲ್ಲ ಪ್ರಿಂಟ್‌ಗಳಿಗೆ ಅಳತೆಗೋಲು. ಅದಿಲ್ಲದೆ ಎಡಿಷನ್, ಅಂದರೆ ಸಂಖ್ಯೆ ಹಾಕಿ ಸಹಿ ಮಾಡುವ ಪ್ರಿಂಟ್‌ಗಳ ಕಂತು, ಶುರು ಮಾಡಬೇಡಿ.

ಒಂದು ಎಚ್ಚರಿಕೆ: ಅಗಸೆ ಎಣ್ಣೆ ಇಂಕ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ, ಅಥವಾ ನೀರಿರುವ ಮುಚ್ಚಳದ ಡಬ್ಬಿಯಲ್ಲಿ ಹಾಕಿ.

ಹಂತ 8: ಎಡಿಷನ್, ಕಾಗದಪತ್ರ, ಪಾರ್ಸೆಲ್

ಎಷ್ಟು ಪ್ರಿಂಟ್ ಅಂತ ಮೊದಲೇ ಬರೆದುಕೊಳ್ಳಿ. ಕೈಯಿಂದ ಕೊರೆದ ಬ್ಲಾಕ್ ಒಂದೇ ಇರುತ್ತದೆ, ಆದರೆ ಲೇಸರ್ ಫೈಲ್‌ನಿಂದ ನಾಳೆ ಅಂಥದ್ದೇ ಇನ್ನೊಂದು ಬ್ಲಾಕ್ ಬರಬಹುದು. ಕೊಳ್ಳುವವರ ನಂಬಿಕೆ ನಿಂತಿರುವುದು ಇಲ್ಲೇ. ಎಡಿಷನ್ ಮುಗಿದ ಮೇಲೆ ಬ್ಲಾಕ್ ಮೇಲೆ ಅಡ್ಡ ಗೀರು ಹಾಕುವುದು, ತಿರುಗಿಸಿದ ಫೈಲ್ ಅಳಿಸುವುದು, ಎರಡನ್ನೂ ಒಪ್ಪಂದದಲ್ಲಿ ಸೇರಿಸಿ. ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲಿದೆ ಅಂದ ಮಾತ್ರಕ್ಕೆ ಚಿತ್ರದ ಹಕ್ಕು ನಿಮಗೆ ಬರುವುದಿಲ್ಲ. ಭಾರತದ 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಕ್ಕು ಬಿಟ್ಟುಕೊಡುವುದು ಬರಹದಲ್ಲೇ ಆಗಬೇಕು.

ಪ್ರಿಂಟ್‌ನ ವಿವರದಲ್ಲಿ ‘ಲೇಸರ್‌ನಿಂದ ಕೊರೆದ ಲಿನೋ ಬ್ಲಾಕ್, ಕೈಯಿಂದ ಮುದ್ರಣ’ ಅಂತಲೇ ಬರೆಯಿರಿ. ಬರೀ ‘ಲಿನೋಕಟ್’ ಅಂದರೆ ಕಲಾವಿದರೇ ಕೊರೆದರು ಅಂತ ಜನ ತಿಳಿಯುತ್ತಾರೆ. ವಿದೇಶಕ್ಕೆ ಕಳಿಸುವಾಗ ಇದು ಇನ್ನೂ ಮುಖ್ಯ. ಕಸ್ಟಮ್ಸ್ ಪಟ್ಟಿಯಲ್ಲಿ ಮೂಲ ಪ್ರಿಂಟ್‌ಗಳಿಗೆ 9702 ಅನ್ನುವ ಸಂಖ್ಯೆ ಇದೆ, ಆದರೆ ಪ್ಲೇಟ್ (ಇಲ್ಲಿ ಬ್ಲಾಕ್) ಪೂರ್ತಿ ಕಲಾವಿದರ ಕೈಯಿಂದಲೇ ಆಗಿರಬೇಕು, ಯಾಂತ್ರಿಕ ವಿಧಾನ ಇರಬಾರದು ಅನ್ನುವುದು ಅದರ ಷರತ್ತು. ಲೇಸರ್ ಬ್ಲಾಕ್ ಅದಕ್ಕೆ ಹೊಂದುವುದು ಕಷ್ಟ. ಮುದ್ರಿತ ಚಿತ್ರಗಳು ಬರುವುದು 4911ರಲ್ಲಿ. ಬಿಲ್ ಮಾಡುವ ಮೊದಲು ಕೊರಿಯರ್‌ನ ಕಸ್ಟಮ್ಸ್ ಏಜೆಂಟ್ ಹತ್ತಿರ ವಿಧಾನ ಬಿಡಿಸಿ ಹೇಳಿ, ಸಂಖ್ಯೆ ಕೇಳಿಕೊಳ್ಳಿ.

ಸಹಿಗೆ ಪ್ರಿಂಟ್‌ಗಳು ಕಲಾವಿದರ ಹತ್ತಿರ ಹೋಗಲೇಬೇಕು. ಪೆನ್ಸಿಲ್‌ನಲ್ಲಿ, ಚಿತ್ರದ ಕೆಳಗೆ ಎಡಕ್ಕೆ ಸಂಖ್ಯೆ, ನಡುವೆ ಹೆಸರು, ಬಲಕ್ಕೆ ಸಹಿ. ಸ್ಕ್ಯಾನ್ ಮಾಡಿದ ಸಹಿಯನ್ನು ಬ್ಲಾಕ್‌ನಲ್ಲೇ ಕೊರೆದು ಮುಗಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕೆಲವು ಹಾಳಾಗಬಹುದು, ಹಾಗಾಗಿ ಎಡಿಷನ್‌ಗಿಂತ ನಾಲ್ಕೈದು ಪ್ರಿಂಟ್ ಜಾಸ್ತಿ ಕಳಿಸಿ, ಉಳಿದದ್ದನ್ನು ಅವರೇ ಹರಿದು ಹಾಕಲಿ.

ಇಂಕ್ ಪೂರ್ತಿ ಒಣಗುವವರೆಗೆ ಕಟ್ಟಬೇಡಿ. ಮಳೆಗಾಲದಲ್ಲಿ ವಾರಕ್ಕಿಂತ ಜಾಸ್ತಿ ಹಿಡಿಯಬಹುದು. ಕಪ್ಪು ಜಾಸ್ತಿ ಇರುವ ಕಡೆ ಬಿಳಿ ಕಾಗದದ ಚೂರು ಇಟ್ಟು ಬೆರಳಿಂದ ಒತ್ತಿ, ಕಲೆ ಹತ್ತದಿದ್ದರೆ ಒಣಗಿದೆ. ಪ್ರತಿ ಪ್ರಿಂಟ್ ನಡುವೆ ಗ್ಲಾಸಿನ್ ಅನ್ನುವ ತೆಳು ನುಣುಪು ಕಾಗದ ಹಾಕಿ, ಎರಡು ಗಟ್ಟಿ ಹಲಗೆಗಳ ನಡುವೆ ಚಪ್ಪಟೆಯಾಗಿ ಕಟ್ಟಿ, ಹೊರಗೆ ಪ್ಲಾಸ್ಟಿಕ್ ಸುತ್ತಿ. ಕಲಾವಿದರು ಒಪ್ಪಿ ಸಹಿ ಹಾಕಿದ ಆ ಪ್ರೂಫ್ ಮಾತ್ರ ಈ ಕಟ್ಟಿನಲ್ಲಿ ಹೋಗಬಾರದು. ಸಹಿಯಾದ ಪ್ರಿಂಟ್‌ಗಳು ವಾಪಸ್ ಬಂದಾಗ ಹೋಲಿಸಿ ನೋಡಲು ಅದು ನಿಮ್ಮ ಹತ್ತಿರವೇ ಇರಲಿ.